ಹವಳದ ದಿಬ್ಬದ ಹಕ್ಕಳೆ ಪಾಚಿ: ಅದನ್ನು ಅಳೆಯುವ ಬಗೆ

ಹಾನಗಲ್ಲ, ಶಿಗ್ಗಾಂವಿ, ಸವಣೂರ, ಹಿರೇಕೆರೂರ ಈ ನಾಲ್ಕು ತಾಲೂಕುಗಳಲ್ಲಿ ಕೆರೆಗಳಿವೆ, ಹಳ್ಳಗಳಿವೆ, ವರದೆ ಕುಮುದ್ವತಿಯರಂಥ ನದಿಗಳಿವೆ. ಸಮುದ್ರ ಮಾತ್ರ ಇಲ್ಲ. ಇಂಥ ಸೀಮೆಯ ಕಾಲೇಜಿನ ವಾರ್ಷಿಕ ಸಂಚಿಕೆಯಲ್ಲಿ ಕಡಲ ತಳದ ಒಂದು ಪಾಚಿಯ ವಿಷಯ ಬರೆಯುವದು ವಾಚಕರಿಗೆ ತುಸು ವಿಚಿತ್ರವಾಗಿ ತೋರಬಹುದು. ಆದರೆ ಭೂಗೋಳದ ವಿದ್ಯಾರ್ಥಿಗೆ ದೂರವೆಂಬುದು ದೊಡ್ಡ ಅಡ್ಡಿಯಲ್ಲ. ಹಾನಗಲ್ಲಿನಿಂದ ಪಶ್ಚಿಮಕ್ಕೆ ಹೊರಟು, ಶಿರಸಿಯನ್ನು ದಾಟಿ ಘಟ್ಟವನ್ನಿಳಿದರೆ ಉತ್ತರ ಕನ್ನಡದ ಕರಾವಳಿ. ಅಲ್ಲಿಯ ಮುರ್ಡೇಶ್ವರದ ದಂಡೆಯಿಂದ ಸುಮಾರು ೧೯ ಕಿಲೋಮೀಟರು ಕಡಲೊಳಗೆ ನೇತ್ರಾಣಿ ಎಂಬ ನಡುಗಡ್ಡೆಯಿದೆ. ಅದರ ಸುತ್ತಣ ನೀರಿನಲ್ಲಿ ಜೀವಂತ ಹವಳಗಳಿವೆ. ನಮ್ಮ ರಾಜ್ಯದ ಪಾಲಿಗೆ ಬಂದ ಹವಳದ ಸಂಪತ್ತಿನಲ್ಲಿ ಅದೇ ಮುಖ್ಯವಾದದ್ದು. ಇನ್ನೊಂದು ಸಂಗತಿಯನ್ನೂ ನೆನೆಯಬಹುದು. ಇಂದಿನ ಲಕ್ಷದ್ವೀಪದಲ್ಲಿರುವ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮಿನದಿವಿ ದ್ವೀಪಗಳು ೧೯೫೬ರ ವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದು, ಮಂಗಳೂರಿನಿಂದ ಆಳಲ್ಪಡುತ್ತಿದ್ದವು. ಆ ದ್ವೀಪಗಳೆಲ್ಲ ಹವಳದಿಂದಲೇ ಆದವು.

ಹವಳವೆಂದ ಕೂಡಲೆ ನಮಗೆ ಹವಳದ ಸರ ನೆನಪಾಗುತ್ತದೆ. ನಾನಿಲ್ಲಿ ಹೇಳಹೊರಟಿರುವದು ಆ ಆಭರಣದ ಹವಳವನ್ನಲ್ಲ. ಬಿಸಿನೀರಿನ ಕಡಲುಗಳಲ್ಲಿ, ಬಿಸಿಲು ತಲುಪುವಷ್ಟು ಆಳದಲ್ಲಿ ದಿಬ್ಬ ಕಟ್ಟುವ ಹವಳವನ್ನು. ಅತಿ ಸಣ್ಣ ಪ್ರಾಣಿಗಳು ಕಡಲ ನೀರಿನಿಂದ ಸುಣ್ಣದ ಅಂಶವನ್ನು ಹೀರಿ ತಮ್ಮ ಸುತ್ತ ಗೂಡು ಕಟ್ಟುತ್ತವೆ. ಹಳೆಯ ಗೂಡಿನ ಮೇಲೆ ಹೊಸ ಗೂಡು ಏರಿ, ಸಾವಿರಾರು ವರ್ಷಗಳಲ್ಲಿ ದಿಬ್ಬ ಬೆಳೆಯುತ್ತದೆ. ಇಷ್ಟು ಸಂಗತಿ ಶಾಲೆಯ ಪಠ್ಯಪುಸ್ತಕಗಳಲ್ಲಿಯೂ ಬರುತ್ತದೆ. ಅವುಗಳಲ್ಲಿ ಸಾಮಾನ್ಯವಾಗಿ ಬಾರದ ಸಂಗತಿ ಒಂದುಂಟು. ಕಲ್ಲಿನ ಮೇಲೆ ಕಲ್ಲು ಒಟ್ಟಿದ ಮಾತ್ರಕ್ಕೆ ಗೋಡೆಯಾಗದು. ನಡುವೆ ಗಾರೆ ಬೇಕು. ಹವಳದ ದಿಬ್ಬಕ್ಕೆ ಗಾರೆಯಾಗಿ ಒದಗುವದು ಒಂದು ಜಾತಿಯ ಪಾಚಿ. ಗಾಯ ಮಾಯುವಾಗ ಅದರ ಮೇಲೆ ಕಟ್ಟುವ ಹಕ್ಕಳೆಯಂತೆ ಇದು ಕಲ್ಲಿಗೆ ಗಟ್ಟಿಯಾಗಿ ಅಂಟಿಕೊಂಡು ಹಬ್ಬುವದರಿಂದ ಇದನ್ನು ‘ಹಕ್ಕಳೆ ಪಾಚಿ’ ಎಂದು ಕರೆಯುತ್ತೇನೆ. ಈ ಪಾಚಿ ಎಷ್ಟಿದೆ ಎಂಬುದನ್ನು ಅಳೆಯುವ ಕ್ರಮವೇನು, ಆ ಅಳತೆಯಲ್ಲಿ ಎಲ್ಲಿ ಎಚ್ಚರ ಬೇಕು ಎಂಬುದೇ ಈ ಲೇಖನದ ವಿಷಯ.

ಮೊದಲು ಪಾಚಿಯ ಪರಿಚಯ. ನಮ್ಮ ಕೆರೆಯ ಹಾವಸೆ ಹಸಿರು, ಮೆತ್ತಗೆ, ಕಾಲಿಟ್ಟರೆ ಜಾರುವಂಥದು. ಕಡಲಿನ ಹಕ್ಕಳೆ ಪಾಚಿಯಲ್ಲಿ ಬಹುಭಾಗ ಕೆಂಪು ಪಾಚಿಗಳ ವರ್ಗಕ್ಕೆ ಸೇರಿದ್ದು. ಬಣ್ಣ ಗುಲಾಬಿ, ಇಲ್ಲವೆ ನೇರಳೆ. ತನ್ನ ಜೀವಕೋಶಗಳ ಗೋಡೆಯಲ್ಲಿಯೇ ಅದು ಸುಣ್ಣವನ್ನು ತುಂಬಿಕೊಳ್ಳುವದರಿಂದ ಉಗುರಿಗೆ ಕಲ್ಲಿನಂತೆ ತಾಗುತ್ತದೆ. ಎಲೆಯಿಲ್ಲ, ದಂಟಿಲ್ಲ. ಬಲು ನಿಧಾನವಾಗಿ, ವರ್ಷಕ್ಕೆ ಕೆಲವೇ ಮಿಲಿಮೀಟರಿನಷ್ಟು ಹಬ್ಬುತ್ತದೆ. ಆದುದರಿಂದ ಇದನ್ನು ಸಸ್ಯವೆಂದು ಗುರುತಿಸುವದಕ್ಕೆ ವಿದ್ವಾಂಸರಿಗೂ ಬಹುಕಾಲ ಹಿಡಿಯಿತು. ಲಿನೇಯಸನು ಇಂಥವುಗಳನ್ನು ಪ್ರಾಣಿಗಳ ಸಾಲಿನಲ್ಲಿ ಇರಿಸಿದ್ದನು. ೧೮೩೭ರಲ್ಲಿ ಫಿಲಿಪ್ಪಿ ಎಂಬ ಜರ್ಮನ್ ವಿದ್ವಾಂಸನು ಇವು ಸಸ್ಯಗಳೇ ಎಂದು ತೋರಿಸಿ, ಲಿಥೊಥ್ಯಾಮ್ನಿಯನ್, ಲಿಥೊಫಿಲ್ಲಮ್ ಎಂಬ ಹೆಸರುಗಳನ್ನು ಕೊಟ್ಟನು. ಹೊರನೋಟದಿಂದ ಹೆಸರಿಡುವ ರೂಢಿ ನಮ್ಮಲ್ಲಿಯೂ ಉಂಟು. ಸವಣೂರಿನ ಮಠದ ಆವರಣದಲ್ಲಿರುವ ಮೂರು ಹೆಮ್ಮರಗಳನ್ನು ಜನ ‘ದೊಡ್ಡ ಹುಣಸೆ’ ಎನ್ನುತ್ತಾರೆ. ಅವು ಹುಣಸೆಯಲ್ಲ, ಆಫ್ರಿಕ ಮೂಲದ ಬಾವೊಬಾಬ್ ಮರಗಳು. ಹೆಸರು ಹೇಗಿದ್ದರೂ ಮರಕ್ಕೆ ಬಾಧೆಯಿಲ್ಲ. ಆದರೆ ಎಣಿಕೆಗೆ ಕುಳಿತಾಗ ಯಾವ ವಸ್ತುವನ್ನು ಯಾವ ಹೆಸರಿನ ಕೆಳಗೆ ಬರೆಯುತ್ತೇವೆಂಬುದು ಲೆಕ್ಕವನ್ನೇ ಬದಲಿಸುತ್ತದೆ. ಈ ಮಾತಿಗೆ ಮುಂದೆ ಮತ್ತೆ ಬರುತ್ತೇನೆ.

ಈ ಪಾಚಿಯ ಉಪಯೋಗ ಮುಖ್ಯವಾಗಿ ಮೂರು ತೆರ. ಮುರಿದ ಹವಳದ ತುಣುಕು, ಮರಳು, ಚಿಪ್ಪುಗಳನ್ನು ಒಂದಕ್ಕೊಂದು ಬೆಸೆದು ದಿಬ್ಬವನ್ನು ಗಟ್ಟಿಗೊಳಿಸುವದು ಮೊದಲನೆಯದು. ಎರಡನೆಯದು ಅಲೆಗಳಿಗೆ ತಡೆ. ಅಲೆ ಬಂದು ಬಡಿಯುವ ಹೊರ ಅಂಚಿನಲ್ಲಿ ಅನೇಕ ಹವಳಗಳು ತಾಳಲಾರವು; ಈ ಪಾಚಿ ತಾಳುತ್ತದೆ. ೧೮೩೬ರಲ್ಲಿ ಚಾರ್ಲ್ಸ್ ಡಾರ್ವಿನನು ಹಿಂದೂ ಮಹಾಸಾಗರದ ಕೀಲಿಂಗ್ ದ್ವೀಪಗಳಲ್ಲಿ ಇದನ್ನು ಕಣ್ಣಾರೆ ಕಂಡನು. ಹೊರ ಅಂಚಿನ ಈ ಪದರವು ದಿಬ್ಬವನ್ನು ಸವೆತದಿಂದ ಕಾಯುತ್ತದೆಂದು ಹವಳದ ದಿಬ್ಬಗಳನ್ನು ಕುರಿತ ತನ್ನ ೧೮೪೨ರ ಗ್ರಂಥದಲ್ಲಿ ಬರೆದನು. ಮೂರನೆಯದು ಎಲ್ಲಕ್ಕಿಂತ ಸೋಜಿಗದ್ದು. ಹವಳದ ಮರಿ ಹುಟ್ಟಿದಾಗ ನೀರಿನಲ್ಲಿ ತೇಲುತ್ತಿರುತ್ತದೆ. ನೆಲೆಸಲು ಗಟ್ಟಿ ಜಾಗ ಹುಡುಕುತ್ತದೆ. ಹಲವು ಜಾತಿಯ ಹವಳಗಳ ಮರಿಗಳು ಕೆಲವು ಜಾತಿಯ ಹಕ್ಕಳೆ ಪಾಚಿಯ ವಾಸನೆಯಂಥ ರಾಸಾಯನಿಕ ಗುರುತನ್ನು ಹಿಡಿದು, ಅದರ ಮೇಲೆಯೋ ಅದರ ಬದಿಗೋ ನೆಲೆಯೂರುತ್ತವೆ. ಬೀಜಕ್ಕೆ ಹದವಾದ ಹೊಲವಿದ್ದಂತೆ ಹವಳದ ಮರಿಗೆ ಈ ಪಾಚಿ.

ಪೆಸಿಫಿಕ್ ಸಾಗರದ ಫುನಾಫುಟಿ ದ್ವೀಪದಲ್ಲಿ ೧೮೯೬ರಿಂದ ೧೮೯೮ರ ವರೆಗೆ ಲಂಡನ್ನಿನ ರಾಯಲ್ ಸೊಸೈಟಿಯವರು ಆಳವಾದ ಕೊಳವೆ ಕೊರೆಯಿಸಿ ದಿಬ್ಬದ ಒಡಲನ್ನು ಪರೀಕ್ಷಿಸಿದರು. ೧೯೦೪ರಲ್ಲಿ ಹೊರಬಂದ ಅದರ ವರದಿಯಲ್ಲಿ, ಅಲ್ಲಿ ದಿಬ್ಬ ಕಟ್ಟುವ ಜೀವಿಗಳ ಪೈಕಿ ಈ ಸುಣ್ಣದ ಪಾಚಿಗೆ ಮೊದಲನೆಯ ಸ್ಥಾನವೂ ಹವಳಕ್ಕೆ ನಾಲ್ಕನೆಯ ಸ್ಥಾನವೂ ದೊರೆಯಿತು. ಹವಳದ ದಿಬ್ಬವೆಂದು ಹೆಸರು ಹವಳಕ್ಕೆ. ದುಡಿಮೆಯ ದೊಡ್ಡ ಪಾಲು ಪಾಚಿಗೆ!

ಹಾಗೆಂದು ಹಕ್ಕಳೆಯಂತೆ ಹಬ್ಬುವದೆಲ್ಲ ಹವಳಕ್ಕೆ ಹಿತವೆಂದು ತಿಳಿಯಬಾರದು. ರಾಮಿಕ್ರಸ್ಟ ಎಂಬ ಇನ್ನೊಂದು ಕೆಂಪು ಪಾಚಿಯೂ ಹೀಗೆಯೇ ಹಬ್ಬುತ್ತದೆ. ಕೆರಿಬಿಯನ್ ಕಡಲಿನ ಅನೇಕ ಕಡೆ ಅದು ಜೀವಂತ ಹವಳದ ಮೇಲೆಯೇ ಏರಿ ಅದನ್ನು ಮುಚ್ಚುತ್ತಿದೆ. ಆದಕಾರಣ ‘ಹಕ್ಕಳೆ ಪಾಚಿ ಇಷ್ಟು’ ಎಂದು ಒಂದೇ ಅಂಕಿ ಬರೆದರೆ ಸಾಲದು. ಯಾವ ತೆರದ್ದು ಎಷ್ಟು ಎಂದೂ ಬರೆಯಬೇಕು.

ಇದನ್ನು ಅಳೆಯುವ ಅಗತ್ಯವಾದರೂ ಏನು? ಜಮೈಕ ದ್ವೀಪದ ಕಥೆ ಇದಕ್ಕೆ ಉತ್ತರ ಕೊಡುತ್ತದೆ. ಅಲ್ಲಿಯ ದಿಬ್ಬಗಳಲ್ಲಿ ಪಾಚಿ ಮೇಯುವ ಮೀನುಗಳನ್ನು ಜನ ಮಿತಿಮೀರಿ ಹಿಡಿದಿದ್ದರು. ೧೯೮೦ರಲ್ಲಿ ಚಂಡಮಾರುತ ಬಡಿಯಿತು. ೧೯೮೩ರಲ್ಲಿ ಪನಾಮದ ಕಡೆಯಿಂದ ಒಂದು ರೋಗ ಹಬ್ಬಿ, ಪಾಚಿ ಮೇಯುತ್ತಿದ್ದ ಉದ್ದ ಮುಳ್ಳಿನ ಸೀ ಅರ್ಚಿನ್ ಎಂಬ ಪ್ರಾಣಿಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಸತ್ತುಹೋದವು. ದನಗಳಿಲ್ಲದ ಗಾಂವಠಾಣದಲ್ಲಿ ಕಳೆ ಬೆಳೆದಂತೆ ಮೆತ್ತನೆಯ ಎಲೆಪಾಚಿ ಬೆಳೆಯಿತು. ೧೯೭೭ರಲ್ಲಿ ಸುಮಾರು ಶೇಕಡ ೫೨ರಷ್ಟು ಜಾಗದಲ್ಲಿದ್ದ ಹವಳ ೧೯೯೩ರ ಹೊತ್ತಿಗೆ ಶೇಕಡ ೩ಕ್ಕೆ ಇಳಿಯಿತು. ಎಲೆಪಾಚಿ ಶೇಕಡ ೪ರಿಂದ ೯೨ಕ್ಕೆ ಏರಿತು. ಎಲೆಪಾಚಿ ಆವರಿಸಿದಲ್ಲಿ ಹಕ್ಕಳೆ ಪಾಚಿಗೆ ಬೆಳಕಿಲ್ಲ, ಹವಳದ ಮರಿಗೆ ನೆಲೆಯಿಲ್ಲ.

ನಮ್ಮ ದೇಶದ ಹತ್ತಿರದ ನಿದರ್ಶನ ಲಕ್ಷದ್ವೀಪ. ೧೯೯೮, ೨೦೧೦, ೨೦೧೬ ಈ ಮೂರು ವರ್ಷಗಳಲ್ಲಿ ಕಡಲ ನೀರು ಅತಿಯಾಗಿ ಕಾದು ಅಲ್ಲಿಯ ಹವಳಗಳು ಬಿಳಿಚಿಕೊಂಡವು, ಬಹಳಷ್ಟು ಸತ್ತವು. ಮೈಸೂರಿನ ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಸಂಶೋಧಕರು ಅಂದಿನಿಂದ ಅಲ್ಲಿಯ ದಿಬ್ಬಗಳನ್ನು ಮತ್ತೆ ಮತ್ತೆ ಅಳೆಯುತ್ತ ಬಂದಿದ್ದಾರೆ. ಅವರ ಲೆಕ್ಕದಂತೆ ೧೯೯೮ರಲ್ಲಿ ಸುಮಾರು ಶೇಕಡ ೩೭ರಷ್ಟಿದ್ದ ಜೀವಂತ ಹವಳ ೨೦೨೨ರಲ್ಲಿ ಸುಮಾರು ೧೯ಕ್ಕೆ ಬಂದಿದೆ. ಅಳೆದ ದ್ವೀಪಗಳಲ್ಲಿ, ಹಿಂದೆ ಮಂಗಳೂರಿಗೆ ಸೇರಿದ್ದ ಕಡಮತ್ ಕೂಡ ಒಂದು. ಹವಳ ಸತ್ತ ಮೇಲೆ ಉಳಿಯುವದು ಅದರ ಬರಿಯ ಸುಣ್ಣದ ಅಸ್ಥಿ. ಅದರ ಮೇಲೆ ಮುಂದೆ ಹಬ್ಬುವದು ಯಾವದು? ಗುಲಾಬಿ ಹಕ್ಕಳೆಯಾದರೆ ಹೊಸ ಹವಳಕ್ಕೆ ಆಸೆಯುಂಟು. ಎಲೆಪಾಚಿಯಾದರೆ ಆಸೆ ಕಡಿಮೆ. ಸತ್ತ ದಿಬ್ಬ ಮತ್ತೆ ಚಿಗುರಬಲ್ಲುದೇ ಎಂಬ ಪ್ರಶ್ನೆಗೆ ಉತ್ತರ ಹುಡುಕುವವರು ಈ ಅಳತೆಯನ್ನು ಬಿಟ್ಟು ಮುಂದೆ ಹೋಗಲಾರರು.

ಇಡೀ ದಿಬ್ಬವನ್ನು ಅಂಗುಲ ಬಿಡದೆ ಅಳೆಯುವದು ಸಾಧ್ಯವಿಲ್ಲ. ಕೆಲವು ತುಣುಕು ಅಳೆದು ಇಡಿಯದರ ವಿಷಯ ಹೇಳಬೇಕು. ಈ ಉಪಾಯ ನಮ್ಮ ರೈತರಿಗೆ ಹೊಸದಲ್ಲ. ಬೆಳೆ ವಿಮೆಗಾಗಿ ನಡೆಯುವ ಬೆಳೆ ಕಟಾವು ಪ್ರಯೋಗವನ್ನು ಎಲ್ಲರೂ ನೋಡಿದ್ದೇವೆ. ಸಂಖ್ಯೆ ಎತ್ತಿ ಹೊಲ ಆರಿಸುತ್ತಾರೆ. ಆ ಹೊಲದಲ್ಲಿ ಮತ್ತೆ ಸಂಖ್ಯೆಯ ಮೇಲೆ ಜಾಗ ಗೊತ್ತುಮಾಡಿ, ಹಲವು ಬೆಳೆಗಳಿಗೆ ೫ ಮೀಟರು ಉದ್ದ ೫ ಮೀಟರು ಅಗಲದ ಚೌಕ ಹಾಕಿ, ಅಷ್ಟನ್ನೇ ಕೊಯ್ದು ತೂಗುತ್ತಾರೆ. ಅದು ೨೫ ಚದರ ಮೀಟರು, ಎಂದರೆ ಒಂದು ಹೆಕ್ಟೇರಿನ ೪೦೦ರಲ್ಲಿ ಒಂದು ಪಾಲು. ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವನು ನಾನೇ ಮೊದಲು. ಆ ಕಟಾವು ನೋಡಿ ಬಂದ ದಿವಸ ಅಪ್ಪ ನನ್ನನ್ನು ಕೇಳಿದ್ದು ಇದು: “ಒಂದು ಮೂಲಿ ಕೊಯ್ದು ಊರ ಬೆಳಿ ಹೆಂಗ ಹೇಳತಾರೋ ತಮ್ಮಾ?” ಸಂಖ್ಯಾಶಾಸ್ತ್ರದ ಪಾಠವೆಲ್ಲ ಈ ಪ್ರಶ್ನೆಯಲ್ಲಿ ಅಡಗಿದೆ. ಆ ಮೂಲೆಯನ್ನು ಯಾರೂ ತಮ್ಮ ಮನಸ್ಸಿಗೆ ಬಂದಂತೆ ಆರಿಸಿರಬಾರದು, ಮತ್ತು ಅಂಥ ಮೂಲೆಗಳು ಸಾಕಷ್ಟಿರಬೇಕು. ಆಗ ಮಾತ್ರ ಅವು ಊರಿನ ಪರವಾಗಿ ಮಾತಾಡಬಲ್ಲವು. ೧೯೪೦ರ ದಶಕದಲ್ಲಿ ಪಾ. ವಾ. ಸುಖಾತ್ಮೆಯವರು ಭಾರತದ ಬೆಳೆಗಳಿಗೆ ಈ ಕ್ರಮವನ್ನು ಹದಗೊಳಿಸಿದರು. ಬಂಗಾಲದಲ್ಲಿ ಮಹಾಲನೋಬಿಸರು ಇದೇ ಬಗೆಯ ಮಾದರಿ ಸಮೀಕ್ಷೆಗಳನ್ನು ಬೆಳೆಸಿದರು. ಕಡಲ ತಳದ ಅಳತೆಗೂ ಇದೇ ನಿಯಮ.

ಅಳೆಯುವ ಬಗೆಗಳು ಮುಖ್ಯವಾಗಿ ಮೂರು. ಒಂದನೆಯದು ಗೆರೆಯ ಕ್ರಮ. ಒಂದೇ ಆಳದಲ್ಲಿ ದಿಬ್ಬದ ಮೇಲೆ ಅಳತೆಯ ಪಟ್ಟಿಯನ್ನು ಹಾಸಿ, ಅದರ ಕೆಳಗೆ ಎಷ್ಟು ಸೆಂಟಿಮೀಟರು ಹವಳ, ಎಷ್ಟು ಹಕ್ಕಳೆ, ಎಷ್ಟು ಮರಳು ಎಂದು ಬರೆದುಕೊಳ್ಳುವದು. ೧೦ ಮೀಟರಿನ ಪಟ್ಟಿಯ ಕೆಳಗೆ ೨ ಮೀಟರು ಹಕ್ಕಳೆ ಬಂದರೆ ಆ ಗೆರೆಯಲ್ಲಿ ಶೇಕಡ ೨೦. ಎರಡನೆಯದು ಬಿಂದುವಿನ ಕ್ರಮ. ಪಟ್ಟಿಯ ಮೇಲೆ ಸಮನಾದ ಅಂತರಕ್ಕೊಂದು ಬಿಂದು ಹಿಡಿದು, ಆ ಬಿಂದುವಿನ ಕೆಳಗೇನಿದೆ ಎಂದಷ್ಟೇ ಬರೆಯುವದು. ಇದು ಬೇಗ ಮುಗಿಯುತ್ತದೆ. ಬೆನ್ನಿನ ಮೇಲಿನ ಗಾಳಿಯ ತೊಟ್ಟಿ ತೀರುವದರೊಳಗೆ ಮೇಲೆ ಬರಬೇಕಾದವರಿಗೆ ಬೇಗ ಮುಗಿಯುವದು ಸಣ್ಣ ಗುಣವಲ್ಲ. ಮೂರನೆಯದು ಚೌಕಟ್ಟಿನ ಕ್ರಮ. ೨೫ ಸೆಂಟಿಮೀಟರು ಚದರದ ಚೌಕಟ್ಟನ್ನು ಗೆರೆಯ ಗುಂಟ ಅಲ್ಲಲ್ಲಿ ಇಟ್ಟು, ಒಳಗಿನದನ್ನು ಹತ್ತಿರದಿಂದ ನೋಡುವದು. ಕಣ್ಣಿಗೆ ಬೀಳದಂಥ ಚಪ್ಪಟೆ ಪಾಚಿಗೂ, ಗುಂಡಿಯಷ್ಟು ಸಣ್ಣ ಹವಳದ ಮರಿಗೂ ಇದೇ ಒಳ್ಳೆಯ ಕ್ರಮ. ಈಗ ಚೌಕಟ್ಟಿನ ಛಾಯಾಚಿತ್ರ ತೆಗೆದುಕೊಂಡು ದಂಡೆಗೆ ಬಂದ ಮೇಲೆ ಎಣಿಸುವ ರೂಢಿಯೂ ಇದೆ.

ಆದರೆ ಹಕ್ಕಳೆ ಪಾಚಿ ಅಳತೆಗೆ ಸುಲಭವಾಗಿ ಸಿಗುವದಿಲ್ಲ. ಅದು ಬಹಳ ಕಡೆ ಎಲೆಪಾಚಿಯ ಕೆಳಗಿರುತ್ತದೆ. ಮೇಲಿನಿಂದ ತೆಗೆದ ಚಿತ್ರದಲ್ಲಿ ಎಲೆಪಾಚಿ ಮಾತ್ರ ಕಾಣುತ್ತದೆ. ಕೈಯಿಂದ ಅದನ್ನು ಸರಿಸಿ ನೋಡಿದವನಿಗೆ ಹಕ್ಕಳೆ ಕಾಣುತ್ತದೆ. ಹೀಗಾಗಿ ಸರಿಸಿ ನೋಡಿದೆವೋ ಇಲ್ಲವೋ ಎಂಬುದನ್ನು ವರದಿಯಲ್ಲಿ ಹೇಳಲೇಬೇಕು. ಸಣ್ಣ ಹುಲ್ಲಿನಂಥ ಪಾಚಿಯಲ್ಲಿ ಹೂಳು ತುಂಬಿದ್ದರೆ ಕೈ ಬೀಸಿ ನೀರಾಡಿಸಿ ಹೂಳನ್ನು ಸರಿಸಬೇಕಾಗುತ್ತದೆ. ಹಕ್ಕಳೆ ಜೀವಂತವೋ ಸತ್ತದ್ದೋ ಎಂದೂ ನೋಡಬೇಕು. ಬಣ್ಣ ಹೋಗಿ ಬಿಳಿಯಾದದ್ದನ್ನು ಬೇರೆ ಬರೆಯಬೇಕು. ಇನ್ನು ದಿಬ್ಬದ ಮೈ ಸಮವಾಗಿರುವದಿಲ್ಲ. ಮೇಲೆ ಬಿಗಿದ ಪಟ್ಟಿ ೧೦ ಮೀಟರಿದ್ದರೆ, ಉಬ್ಬುತಗ್ಗುಗಳಿಗೆ ಅಂಟಿಸಿ ಬಿಟ್ಟ ಸರಪಳಿ ೧೫ ಮೀಟರು ಬೇಕಾದೀತು. ಹಕ್ಕಳೆ ಪಾಚಿ ಪೊಟರೆಗಳ ನೆರಳಿನಲ್ಲಿಯೂ ಬೆಳೆಯಬಲ್ಲುದು. ಬಹಾಮಾ ದ್ವೀಪಗಳ ಬಳಿ ೧೯೮೪ರಲ್ಲಿ ೨೬೮ ಮೀಟರು ಆಳದ ಕತ್ತಲಲ್ಲಿ ಕೂಡ ಅದನ್ನು ಕಂಡಿದ್ದಾರೆ. ಮೇಲಿನಿಂದಷ್ಟೇ ನೋಡುವ ಅಳತೆಯಲ್ಲಿ ಪೊಟರೆಯೊಳಗಿನದು ತಪ್ಪಿಹೋಗುತ್ತದೆ. ಕೊನೆಯದಾಗಿ, ನೋಡುವ ಕಣ್ಣು. ಇಬ್ಬರು ಒಂದೇ ಚೌಕಟ್ಟನ್ನು ನೋಡಿ ಬೇರೆ ಬೇರೆ ಅಂಕಿ ಬರೆಯುವದುಂಟು. ಆದುದರಿಂದ ಕೆಲಸಕ್ಕೆ ಮುಂಚೆ ಎಲ್ಲರೂ ಒಂದೇ ಚೌಕಟ್ಟನ್ನು ಎಣಿಸಿ, ತಮ್ಮ ಅಂಕಿಗಳನ್ನು ತಾಳೆ ನೋಡಿಕೊಳ್ಳುತ್ತಾರೆ.

ಇವೆಲ್ಲಕ್ಕಿಂತ ದೊಡ್ಡ ತೊಡಕು ತಃಖ್ತೆಯ ತಲೆಬರಹದಲ್ಲಿದೆ. ಹಿಂದೆ ಹೆಸರಿನ ವಿಷಯ ಎತ್ತಿದ್ದು ಇದಕ್ಕಾಗಿ. ೧೯೯೭ರಿಂದ ಜಗತ್ತಿನಾದ್ಯಂತ ಸ್ವಯಂಸೇವಕರು ನಡೆಸುತ್ತ ಬಂದ ‘ರೀಫ್ ಚೆಕ್’ ಎಂಬ ಅಳತೆಯುಂಟು. ೧೦೦ ಮೀಟರಿನ ಪಟ್ಟಿ ಹಾಸಿ, ಅದರಲ್ಲಿ ೨೦ ಮೀಟರಿನ ನಾಲ್ಕು ತುಂಡುಗಳನ್ನು ಹಿಡಿದು, ಅರ್ಧ ಮೀಟರಿಗೊಂದರಂತೆ ಒಟ್ಟು ೧೬೦ ಬಿಂದುಗಳನ್ನು ಅವರು ಎಣಿಸುತ್ತಾರೆ. ಈ ಕ್ರಮದಲ್ಲಿ ಗುಲಾಬಿ ಹಕ್ಕಳೆ ಹಬ್ಬಿದ ಗಟ್ಟಿ ಜಾಗವನ್ನು ‘ಬಂಡೆ’ ಎಂಬ ತಲೆಬರಹದ ಕೆಳಗೆ ಬರೆಯಬೇಕೆಂದು ನಿಯಮ. ಇದು ತಪ್ಪೆಂದು ಹೇಳುವಂತಿಲ್ಲ. ಕೆಲವೇ ದಿನಗಳ ತರಬೇತಿ ಪಡೆದವರೂ ಒಂದೇ ರೀತಿಯಾಗಿ ಎಣಿಸಬೇಕಾದರೆ ತಲೆಬರಹಗಳು ಕೆಲವೇ ಇರಬೇಕು. ಆದರೆ ಪರಿಣಾಮವನ್ನು ನೋಡಿರಿ. ಒಂದು ದಿಬ್ಬದಲ್ಲಿ ಈ ವರ್ಷ ಜೀವಂತ ಹಕ್ಕಳೆ ತುಂಬಿದೆ. ಮುಂದಿನ ವರ್ಷ ಅದೆಲ್ಲ ಸತ್ತು ಬರಿಗಲ್ಲಾಗಿದೆ ಎಂದಿಟ್ಟುಕೊಳ್ಳೋಣ. ತಃಖ್ತೆಯಲ್ಲಿ ಎರಡು ವರ್ಷವೂ ‘ಬಂಡೆ’ ಎಂದೇ ಇರುತ್ತದೆ! ಗಾರೆ ಹೋದದ್ದು ಲೆಕ್ಕಕ್ಕೆ ಗೊತ್ತಾಗುವದಿಲ್ಲ. ಮನೆಯ ಜನಗಣತಿಯಲ್ಲಿ ನಸುಕಿನಿಂದ ರಾತ್ರಿಯ ವರೆಗೆ ದುಡಿಯುವ ತಾಯಿಯ ಹೆಸರಿನ ಮುಂದೆ ‘ಕೆಲಸವಿಲ್ಲ’ ಎಂದು ಬರೆದಂತೆ ಇದು. ಎಣಿಸಿದವನು ಸುಳ್ಳು ಹೇಳಿಲ್ಲ. ತಲೆಬರಹದಲ್ಲಿ ಆಕೆಗೆ ಜಾಗವಿರಲಿಲ್ಲ ಅಷ್ಟೇ. ಆದುದರಿಂದ ಹಕ್ಕಳೆಯನ್ನೇ ಅರಿಯಬಯಸುವವರು ಅದಕ್ಕೆ ಸ್ವಂತ ತಲೆಬರಹ ಕೊಟ್ಟು, ಚೌಕಟ್ಟಿನ ಕ್ರಮವನ್ನು ಜೊತೆಗೆ ಸೇರಿಸಬೇಕು.

ಈಗ ಸ್ವಲ್ಪ ಗಣಿತ. ೧೦೦ ಬಿಂದುಗಳಲ್ಲಿ ೩೦ ಕಡೆ ಹಕ್ಕಳೆ ಬಂತು, ಶೇಕಡ ೩೦. ಬಿಂದುಗಳು ಒಂದಕ್ಕೊಂದು ಸಂಬಂಧವಿಲ್ಲದೆ ಬಿದ್ದವೆಂದು ಹಿಡಿದರೂ ಇದರ ಪ್ರಮಾಣ ದೋಷ ಸುಮಾರು ನಾಲ್ಕೂವರೆ ಅಂಶ. ಮುಂದಿನ ವರ್ಷ ೨೬ ಬಂದಿತೆಂದು ‘ಹಕ್ಕಳೆ ಕಡಿಮೆಯಾಯಿತು’ ಎಂದು ಡಂಗುರ ಸಾರುವಂತಿಲ್ಲ. ಬಿಂದುಗಳು ಬೇರೆ ಕಡೆ ಬಿದ್ದದ್ದರಿಂದಲೂ ಅಷ್ಟು ವ್ಯತ್ಯಾಸ ಬಂದೀತು. ದೋಷವನ್ನು ಅರ್ಧಕ್ಕೆ ಇಳಿಸಬೇಕಾದರೆ ಬಿಂದುಗಳನ್ನು ನಾಲ್ಕು ಪಟ್ಟು, ಎಂದರೆ ೪೦೦ ಮಾಡಬೇಕು. ಇನ್ನೊಂದು ಮಾತು. ನಾಲ್ಕು ಗೆರೆಗಳಲ್ಲಿ ೨೮, ೩೦, ೩೧, ೩೧ ಬಂದರೂ ಸರಾಸರಿ ೩೦. ೧೦, ೨೦, ೪೦, ೫೦ ಬಂದರೂ ಸರಾಸರಿ ೩೦. ಮೊದಲನೆಯ ದಿಬ್ಬದಲ್ಲಿ ಪಾಚಿ ಸಮನಾಗಿ ಹಬ್ಬಿದೆ. ಎರಡನೆಯದರಲ್ಲಿ ಒಂದು ಕಡೆ ದಟ್ಟ, ಒಂದು ಕಡೆ ವಿರಳ. ಸರಾಸರಿಯೊಂದನ್ನೇ ಅಚ್ಚು ಹಾಕಿದರೆ ಈ ಭೇದ ಮರೆಯಾಗುತ್ತದೆ. ಒಂದೇ ಗೆರೆಯಲ್ಲಿ ಬಿಂದುಗಳನ್ನು ಒತ್ತಾಗಿ ತುಂಬುವದಕ್ಕಿಂತ ಬೇರೆ ಬೇರೆ ಜಾಗಗಳಲ್ಲಿ ಹೆಚ್ಚು ಗೆರೆ ಹಾಸುವದು ಮೇಲು.

ಇದನ್ನು ಕಲಿಯುವದಕ್ಕೆ ನಾವು ಕಡಲಿಗೆ ಹಾರಬೇಕಾಗಿಲ್ಲ. ನಮ್ಮ ಊರ ಕೆರೆಗಳ ಏರಿಗಲ್ಲುಗಳ ಮೇಲೆ ಕಲ್ಲುಹೂವು, ಒಣಗಿದ ಹಾವಸೆ ಹಕ್ಕಳೆಗಟ್ಟಿರುತ್ತವೆ. ಬಿದಿರಿನ ಸೀಳಿನಿಂದ ೨೫ ಸೆಂಟಿಮೀಟರು ಚದರದ ಚೌಕಟ್ಟು ಕಟ್ಟಿ, ಉದ್ದಕ್ಕೆ ಐದು, ಅಡ್ಡಕ್ಕೆ ಐದು ದಾರ ಬಿಗಿದರೆ ೨೫ ಗಂಟುಗಳಾಗುತ್ತವೆ. ಒಂದೊಂದು ಗಂಟೂ ಶೇಕಡ ನಾಲ್ಕಕ್ಕೆ ಸಮ. ಏರಿಯ ಗುಂಟ ಹಗ್ಗ ಹಾಸಿ, ಚೀಟಿ ಎತ್ತಿ ಬಂದ ಅಂಕಿಯ ಜಾಗದಲ್ಲಿಯೇ ಚೌಕಟ್ಟಿಟ್ಟು, ಪ್ರತಿ ಗಂಟಿನ ಕೆಳಗೆ ಏನಿದೆ ಎಂದು ಬರೆಯಬೇಕು. ಹಾನಗಲ್ಲಿನ ಆನೆಕೆರೆಯಾದರೂ ಸರಿ, ಹಿರೇಕೆರೂರ ಕಡೆಯ ಮದಗದ ಕೆರೆಯಾದರೂ ಸರಿ. ಗುಡಿಗಳ ಹಳೆಯ ಗೋಡೆಗಳನ್ನು ಮಾತ್ರ ಕೆರೆಯಬಾರದು, ಮುಟ್ಟಬಾರದು. ಮೊದಲ ದಿನವೇ ಒಂದು ಪಾಠ ಸಿಗುತ್ತದೆ: ಹಸಿರು ದಟ್ಟವಾಗಿರುವ ಚೆಂದದ ಕಲ್ಲಿನ ಮೇಲೆಯೇ ಚೌಕಟ್ಟಿಡಲು ಕೈ ಹೋಗುತ್ತದೆ. ಚೀಟಿ ಬರಿಗಲ್ಲನ್ನು ತೋರಿಸಿದಾಗ ಬರಿಗಲ್ಲಿನ ಮೇಲೆಯೇ ಇಡುವದು ವಿಜ್ಞಾನದ ಶಿಸ್ತು.

ಮತ್ತೆ ನೇತ್ರಾಣಿಯ ಮಾತಿಗೆ ಬಂದರೆ, ಅಲ್ಲಿಯ ಹವಳಗಳು ಲಕ್ಷದ್ವೀಪದಂತೆ ದೊಡ್ಡ ದಿಬ್ಬ ಕಟ್ಟಿದವಲ್ಲ. ಗಟ್ಟಿ ಬಂಡೆಯ ಮೇಲೆ ಅಲ್ಲಲ್ಲಿ ಬೆಳೆದವು. ಮಳೆಗಾಲದಲ್ಲಿ ಘಟ್ಟದ ನದಿಗಳು ತರುವ ಸಿಹಿನೀರೂ ಹೂಳೂ ನಮ್ಮ ಕರಾವಳಿಯಲ್ಲಿ ಹವಳವನ್ನು ಬೆಳೆಯಗೊಡುವದು ಕಡಿಮೆ. ದಂಡೆಯಿಂದ ದೂರವಿರುವದರಿಂದ ನೇತ್ರಾಣಿಗೆ ಆ ಬಾಧೆ ಅಷ್ಟಿಲ್ಲ. ಕೇಂದ್ರೀಯ ಸಾಗರ ಮೀನುಗಾರಿಕಾ ಸಂಶೋಧನ ಸಂಸ್ಥೆಯ ವಿಜ್ಞಾನಿಗಳು ಅಲ್ಲಿಯ ಜೀವಿಗಳನ್ನು ಕುರಿತು ೨೦೦೮ರಲ್ಲಿ ಪ್ರಬಂಧ ಪ್ರಕಟಿಸಿದ್ದಾರೆ. ನೌಕಾಪಡೆಯವರು ಗುಂಡಿನ ಗುರಿಯ ಅಭ್ಯಾಸಕ್ಕೆ ಆ ದ್ವೀಪವನ್ನು ಬಳಸಿದ್ದುಂಟು. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ ನೀರಿಗಿಳಿದು ನೋಡುವ ಪ್ರವಾಸಿಗರೂ ಬಹಳ. ಅವರು ಮೀನಿನ ಬಣ್ಣಕ್ಕೆ ಬೆರಗಾಗುತ್ತಾರೆ. ಬಂಡೆಯ ಮೇಲಿನ ಗುಲಾಬಿ ಹಕ್ಕಳೆಯನ್ನು ಬಂಡೆಯೆಂದೇ ತಿಳಿದು ದಾಟುತ್ತಾರೆ. ಇಂಥ ಚಿಕ್ಕ ಜಾಗದಲ್ಲಿ ಒಮ್ಮೆ ಕಾವಿಗೆ ಹವಳ ಸತ್ತರೆ ಮತ್ತೆ ಹುಟ್ಟಲು ಆಸರೆಯಾಗುವದು ಆ ಹಕ್ಕಳೆಯೇ. ಅದು ಈ ವರ್ಷ ಎಷ್ಟಿದೆ ಎಂದು ಈಗಲೇ ಬರೆದಿಡದಿದ್ದರೆ ಮುಂದೆ ಎಷ್ಟು ಹೋಯಿತೆಂದು ಹೇಳಲು ಆಧಾರವಿರದು. ವರ್ಷವರ್ಷವೂ ಅದೇ ಗೆರೆ, ಅದೇ ಆಳ, ಅದೇ ಕಾಲ, ಅದೇ ತಲೆಬರಹ ಇಟ್ಟುಕೊಂಡು ಎಣಿಸಬೇಕಾಗುತ್ತದೆ. ಈ ಕೆಲಸಕ್ಕೆ ಕರಾವಳಿಯವರಷ್ಟೇ ಅಲ್ಲ, ಕೆರೆಯ ಏರಿಯ ಮೇಲೆ ಎಣಿಕೆ ಕಲಿತ ನಮ್ಮ ಕಡೆಯ ವಿದ್ಯಾರ್ಥಿಗಳೂ ಹೋಗಬಹುದು. ಪ್ರತಿವರ್ಷ ಪದವಿ ಪಡೆದು ಹೊರಬೀಳುವ ನಮ್ಮಲ್ಲಿ ಒಬ್ಬಿಬ್ಬರಾದರೂ ಆ ಚೌಕಟ್ಟನ್ನು ಹಿಡಿದು ಘಟ್ಟ ಇಳಿದರೆ ಈ ಲೇಖನ ಬರೆದದ್ದು ಸಾರ್ಥಕ.